ಮಾವನ ರಿಪೋರ್ಟಿನಲ್ಲಿ ಇಲ್ಲದ ಸಾಲು

ಮೊನ್ನೆ ನಮ್ಮ ಮೆಡಿಕಲ್‌ಗೆ ಆಳಂದ ಕಡೆಯವರೊಬ್ಬರು ಬಂದರು. ಫೋನ್ ಕೌಂಟರ್ ಮೇಲಿಟ್ಟು, "ಅಣ್ಣಾ, ಈ ಗುಳಗಿ ಅದಾವೇನ್ರಿ? ಕ್ಯಾನ್ಸರ್ ಬುಡಸಹಿತ ಹೋಗ್ತದಂತ" ಎಂದರು. ನೋಡಿದರೆ ಮೆಗ್ನೀಷಿಯಂ ಅನ್ನೋ ಖನಿಜದ ಗುಳಿಗೆ ಡಬ್ಬಿಯ ಫೋಟೊ, ಕೆಳಗೆ ಉದ್ದದ ವಾಟ್ಸಾಪ್ ಬರಹ. ಅದೇ ವಾರ ಇನ್ನೊಬ್ಬರು ಇದಕ್ಕೆ ಪೂರಾ ಉಲ್ಟಾ ಫಾರ್ವರ್ಡ್ ತೋರಿಸಿದ್ದರು. ಮೆಗ್ನೀಷಿಯಂ ತಿಂದರೆ ಗಡ್ಡೆ ಬೆಳೆಯುತ್ತದೆ, ಶೇಂಗಾ, ಎಳ್ಳು, ಸೊಪ್ಪು ಎಲ್ಲ ಬಂದ್ ಮಾಡಿ ಅಂತ. ರೋಗಿಗೆ ಮೊದಲೇ ಊಟ ಸೇರಲ್ಲ. ಸೇರುವ ಎರಡು ತುತ್ತನ್ನೂ ಬಿಡಿಸಿದರೆ ಹೇಗೆ?

ಆಳಂದದವರಿಗೆ ಡಬ್ಬಿ ಕೊಡಲಿಲ್ಲ. ಬಂದ ಗಿರಾಕಿಯನ್ನು ಬಿಟ್ಟೆನಲ್ಲ ಅಂತ ಅಂಗಡಿ ಹುಡುಗ ನನ್ನ ಮುಖ ನೋಡಿದ. ಯಾವ ಕೀಮೋ ನಡೆದಿದೆ, ರಕ್ತದಲ್ಲಿ ಮೆಗ್ನೀಷಿಯಂ ನೋಡಿದ್ದಾರಾ ಅಂತ ಕೇಳಿದೆ. "ಎಲ್ಲಾ ಟೆಸ್ಟ್ ಆಗ್ಯಾವ್ರಿ" ಅಂದರು.

ಈ "ಎಲ್ಲಾ ಟೆಸ್ಟ್" ಅನ್ನೋ ಮಾತು ಕೇಳಿದರೆ ನನಗೆ ನಮ್ಮ ಸೋದರಮಾವ ನೆನಪಾಗ್ತಾರೆ.

ಮಾವನಿಗೆ ಬಾಯಿ ಕ್ಯಾನ್ಸರ್. ಮೂವತ್ತು ವರ್ಷದ ಗುಟ್ಕಾ, ಜಾಸ್ತಿ ಹೇಳೋದೇನಿಲ್ಲ. ಆಪರೇಷನ್ ಆಯ್ತು. ಆಮೇಲೆ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಸಲ ಸಿಸ್ಪ್ಲಾಟಿನ್ ಅನ್ನೋ ಕೀಮೋ ಔಷಧ. ನಾಲ್ಕನೇ ವಾರ ಮುಗಿದ ಮೇಲೆ ಒಂದು ಬೆಳಿಗ್ಗೆ ಅವ್ವ ಅವರ ಮುಂದೆ ಚಹಾದ ಕಪ್ಪು-ಬಸಿ ಇಟ್ಟಳು. ಮಾವ ಚಹಾ ಬಸಿಗೆ ಸುರಿದು ಎತ್ತಿದರು. ಬಸಿ ಟಕಟಕ ಅಂತ ಕಪ್ಪಿಗೆ ಬಡಿಯತೊಡಗಿತು. ಅರ್ಧ ಚಹಾ ಧೋತರದ ಮೇಲೆ. ರಾತ್ರಿ ಮೀನಖಂಡ ಹಿಡಿದು ಚೀರುತ್ತಾ ಏಳೋರು. "ಕೀಮೋ ಗರಮಿ ಆಗ್ಯಾದ, ಮಜ್ಜಿಗಿ ಕುಡಸ್ರಿ" ಅಂದಳು ಚಿಗವ್ವ. ನಾವೆಲ್ಲ ನಿಶ್ಶಕ್ತಿ ಅಂದುಕೊಂಡೆವು. ದವಾಖಾನೆಯಲ್ಲಿ ಪೊಟ್ಯಾಶಿಯಂ ಕಡಿಮೆ ಅಂತ ಸಿರಪ್ ಬರೆದರು. ವಾರ ಕಳೆದು ನೋಡಿದರೆ ಪೊಟ್ಯಾಶಿಯಂ ಇದ್ದಲ್ಲೇ ಇದೆ.

ಹದಿನೆಂಟು ವರ್ಷದಿಂದ ಔಷಧ ಮಾರೋ ನನಗೂ ಹೊಳೆಯಲಿಲ್ಲ. ಹೊಳೆದದ್ದು ನೈಟ್ ಡ್ಯೂಟಿಯಲ್ಲಿದ್ದ ಒಬ್ಬ ಹುಡುಗಿ ಡಾಕ್ಟರಿಗೆ. ಫೈಲ್ ತಿರುವಿ ಹಾಕಿದರು. ಸೋಡಿಯಂ ಇದೆ, ಪೊಟ್ಯಾಶಿಯಂ ಇದೆ, ಕ್ಲೋರೈಡ್ ಇದೆ, ಕ್ರಿಯಾಟಿನಿನ್ ಇದೆ. ಮೆಗ್ನೀಷಿಯಂ ಅನ್ನೋ ಸಾಲೇ ಇಲ್ಲ. ಮಾಮೂಲಿ ಎಲೆಕ್ಟ್ರೋಲೈಟ್ ಟೆಸ್ಟಿನಲ್ಲಿ ಅದು ಸಾಮಾನ್ಯವಾಗಿ ಇರಲ್ಲ, ಬೇರೆಯಾಗಿ ಬರೆಯಬೇಕು. ಬರೆದರು. ಬಂದದ್ದು ಡೆಸಿಲೀಟರಿಗೆ 0.9 ಮಿಲಿಗ್ರಾಂ. ಇರಬೇಕಾದ್ದು ಕನಿಷ್ಠ 1.7ರ ಹತ್ತಿರ. ಸಲೈನಿನಲ್ಲಿ ಮೆಗ್ನೀಷಿಯಂ ಸಲ್ಫೇಟ್ ಹಾಕಿದರು. ಕೆಲವೇ ದಿನದಲ್ಲಿ ಕೈ ನಡುಗೋದು ನಿಂತಿತು, ಪೊಟ್ಯಾಶಿಯಂ ತಾನೇ ಮೇಲೆ ಬಂತು.

ಆಮೇಲೆ ಕೂತು ಓದಿದೆ. ಸಿಸ್ಪ್ಲಾಟಿನ್ ಮೂತ್ರಪಿಂಡದ ಸಣ್ಣ ನಾಳಗಳಿಗೆ ಪೆಟ್ಟು ಕೊಡುತ್ತದೆ. ವಾಪಸ್ ಎಳೆದುಕೊಳ್ಳಬೇಕಾದ ಮೆಗ್ನೀಷಿಯಂ ಮೂತ್ರದಲ್ಲಿ ಹೋಗುತ್ತದೆ. ಕೀಮೋ ಮುಗಿದು ತಿಂಗಳುಗಟ್ಟಲೆ ಆದರೂ ಈ ಸೋರಿಕೆ ನಿಲ್ಲದೇ ಇರಬಹುದು. ಮೆಗ್ನೀಷಿಯಂ ಕಡಿಮೆ ಆದರೆ ಪೊಟ್ಯಾಶಿಯಂ ಕೂಡ ಸೋರುತ್ತದೆ. ತೂತು ಕೊಡಕ್ಕೆ ನಾವು ಒಂದು ವಾರ ನೀರು ಹೊಯ್ದಿದ್ದೆವು, ಅಷ್ಟೇ. ಕರುಳಿನ ಕ್ಯಾನ್ಸರ್‌ಗೆ ಕೊಡುವ ಸೆಟುಕ್ಸಿಮ್ಯಾಬ್ ಕೂಡ ಇದನ್ನೇ ಮಾಡುತ್ತದೆ, ದಾರಿ ಮಾತ್ರ ಬೇರೆ. ನಾವು ಚೀಟಿಗೊಂದರಂತೆ ಕೊಡೋ ಪ್ಯಾಂಟೊಪ್ರಜೋಲ್ ಥರದ ಆಸಿಡಿಟಿ ಗುಳಿಗೆಗಳೂ ಬಹಳ ದಿನ ತಗೊಂಡರೆ ಮೆಗ್ನೀಷಿಯಂ ಇಳಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಮಾವ ಅದನ್ನೂ ನುಂಗುತ್ತಿದ್ದರು, ನನ್ನ ಅಂಗಡಿಯದ್ದೇ.

ಇನ್ನು ಆ ಎರಡು ಫಾರ್ವರ್ಡ್. ಸುಳ್ಳು ಪೂರಾ ಸುಳ್ಳಾಗಿರಲ್ಲ, ಅದೇ ತೊಂದರೆ. ಜೀವಕೋಶಕ್ಕೆ ಶಕ್ತಿ ಕೊಡೋ ಎಟಿಪಿ ಕೆಲಸ ಮಾಡೋದು ಮೆಗ್ನೀಷಿಯಂ ಅಂಟಿಕೊಂಡಾಗಲೇ. ಡಿಎನ್‌ಎ ನಕಲು ಮಾಡೋಕೂ ಅದು ಬೇಕು, ರಿಪೇರಿಗೂ ಬೇಕು. ಗಡಿಬಿಡಿಯಲ್ಲಿ ಒಡೆದು ಒಡೆದು ಬೆಳೆಯೋ ಕ್ಯಾನ್ಸರ್ ಕೋಶಕ್ಕೆ ಹಸಿವು ಜಾಸ್ತಿ. ಟಿಆರ್‌ಪಿಎಂ7 ಅನ್ನೋ ಬಾಗಿಲಿನಿಂದ ಕೋಶದೊಳಕ್ಕೆ ಮೆಗ್ನೀಷಿಯಂ ಹೋಗುತ್ತದೆ. ಹಲವು ಕ್ಯಾನ್ಸರ್‌ಗಳಲ್ಲಿ ಈ ಬಾಗಿಲುಗಳು ಹೆಚ್ಚಾಗಿ ಕಾಣುತ್ತವೆ. ಹಾಗಾದರೆ ಮೆಗ್ನೀಷಿಯಂ ಬಂದ್ ಮಾಡಿದರೆ ಗಡ್ಡೆ ಸಾಯಬೇಕಲ್ವಾ? ಇಲಿಗಳಿಗೆ ಮಾಡಿ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಪ್ರಯೋಗವದು. ಮೆಗ್ನೀಷಿಯಂ ಕೊರತೆಯ ಆಹಾರ ತಿಂದ ಇಲಿಗಳಲ್ಲಿ ಮೂಲ ಗಡ್ಡೆ ಚಿಕ್ಕದಾಯಿತು, ನಿಜ. ಆದರೆ ಅದು ಶ್ವಾಸಕೋಶಕ್ಕೆ ಹರಡಿದ್ದು ಹೆಚ್ಚಾಯಿತು.

ಇನ್ನೊಂದು ಕಡೆಯೂ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಸಂಶೋಧಕರು 2022ರಲ್ಲಿ ತೋರಿಸಿದ್ದು ನನಗೆ ಬಹಳ ಹಿಡಿಸಿತು. ಕ್ಯಾನ್ಸರ್ ಕೋಶ ಕೊಲ್ಲುವ ಟಿ ಕೋಶ ಅನ್ನೋ ನಮ್ಮ ರಕ್ಷಣಾ ಕೋಶಗಳ ಮೈಮೇಲೆ ಎಲ್‌ಎಫ್‌ಎ-1 ಅನ್ನೋ ಕೊಂಡಿ ಇರುತ್ತದೆ. ಸುತ್ತ ಮೆಗ್ನೀಷಿಯಂ ಸಾಕಷ್ಟಿದ್ದರೆ ಮಾತ್ರ ಅದು ಸರಿಯಾಗಿ ಬಿಚ್ಚಿಕೊಂಡು ವೈರಿಯನ್ನು ಹಿಡಿಯುತ್ತದೆ. ಕಳ್ಳನ ಮನೆಗೂ ಅದೇ ಉಪ್ಪು, ಪೊಲೀಸನ ಮನೆಗೂ ಅದೇ ಉಪ್ಪು.

ಅಂದ ಮಾತ್ರಕ್ಕೆ ಡಬ್ಬಿ ತಗೊಂಡು ನುಂಗಿ ಅಂತಲ್ಲ. ಗುಳಿಗೆಯಿಂದ ಕ್ಯಾನ್ಸರ್ ಹೋಗುತ್ತದೆ ಅನ್ನೋದಕ್ಕೆ ಆಧಾರವಿಲ್ಲ. ಮೂತ್ರಪಿಂಡ ಸೋತವರಲ್ಲಿ ಅದು ಮೈಯಲ್ಲೇ ಉಳಿದು ಅಪಾಯ ಮಾಡುತ್ತದೆ. ಉಳಿದವರಿಗೂ ಜಾಸ್ತಿಯಾದರೆ ಭೇದಿ ಹಚ್ಚಬಹುದು. ನಾನು ಕೇಳೋದು ಇಷ್ಟೇ. ಸಿಸ್ಪ್ಲಾಟಿನ್ ಬರೆಯೋ ಪೆನ್ನು ಮೆಗ್ನೀಷಿಯಂ ಟೆಸ್ಟನ್ನೂ ಬರೆಯಲಿ. ಬರೆಯದಿದ್ದರೆ ಮನೆಯವರು ಬಾಯಿಬಿಟ್ಟು ಕೇಳಲಿ. ಹಳ್ಳಿಯಿಂದ ಬಂದವರು ಡಾಕ್ಟರ್ ಮುಂದೆ ಬಾಯಿ ತೆಗೆಯಲ್ಲ, ಗೊತ್ತು. ಚೀಟಿಯ ಹಿಂದೆ ನಾನೇ ಬರೆದುಕೊಡ್ತೀನಿ, ತೋರಿಸಿದರೆ ಸಾಕು.

ಊಟದ ವಿಷಯಕ್ಕೆ ಬಂದರೆ ನಮ್ಮ ಕಲಬುರಗಿಯ ತಾಟು ಕೆಟ್ಟದ್ದೇನಲ್ಲ. 100 ಗ್ರಾಂ ಜೋಳದಲ್ಲಿ 130 ಮಿಲಿಗ್ರಾಂ ಹತ್ತಿರ ಮೆಗ್ನೀಷಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ 20ರ ಆಸುಪಾಸು. ಮೂತ್ರದಲ್ಲಿ ಸೋರೋದನ್ನು ರೊಟ್ಟಿಯೊಂದೇ ತುಂಬಲ್ಲ, ಆದರೆ ಅದನ್ನು ಬಿಡಿಸೋಕೆ ಕಾರಣವೂ ಇಲ್ಲ.

ಈ ಸಲ ಎಳ್ಳ ಅಮಾವಾಸ್ಯೆಗೆ ಮಾವ ಹೊಲಕ್ಕೆ ಬಂದಿದ್ದರು. ಬಾಯಿ ಇನ್ನೂ ಪೂರಾ ತೆರೆಯಲ್ಲ. ಅವ್ವ ಅವರಿಗೆ ಖಾರ ಹಾಕದ ಕಾಳು-ಸೊಪ್ಪಿನ ಭಜ್ಜಿ ಬೇರೆ ಡಬರಿಯಲ್ಲಿ ತಂದಿದ್ದಳು, ರೊಟ್ಟಿ ಅದರಲ್ಲೇ ನೆನೆಹಾಕಿ. ಒಂದು ತುತ್ತು ನುಂಗಿ ನನ್ನ ಕಡೆ ನೋಡಿದರು. "ಇದ್ರಾಗ ನಿನ್ನ ಮೆಗ್ನೀಷಿಯಂ ಎಷ್ಟದ ಲೇ?" ಅಂದರು. ನಾನು ಲೆಕ್ಕ ಹಾಕೋದರೊಳಗೆ ಡಬರಿ ಅರ್ಧ ಖಾಲಿ.