ಮಾರುಕಟ್ಟೆ ಎಷ್ಟು ದೊಡ್ಡದು ಎನ್ನುವುದು ಆಮೇಲೆ, ಮೊದಲು ಗಿರಾಕಿ ಯಾರು ಹೇಳಿ

ಸ್ಟಾರ್ಟಪ್ ಶುರು ಮಾಡಿದ ನಮ್ಮ ಕಡೆಯ ಹುಡುಗ ಹುಡುಗಿಯರು ಹೂಡಿಕೆದಾರರಿಗೆ ಕೊಡುವ ಮುಂಚೆ ತಮ್ಮ ಪಿಚ್ ಡೆಕ್ (ವ್ಯವಹಾರ ವಿವರಿಸಿ ದುಡ್ಡು ಕೇಳುವ ಕೆಲವು ಪುಟಗಳ ಸ್ಲೈಡ್‌ಗಳು) ಒಮ್ಮೆ ನೋಡಿ ಎಂದು ನನಗೆ ಕಳಿಸುತ್ತಾರೆ. ಖುಷಿಯಿಂದಲೇ ಓದುತ್ತೇನೆ. ಆದರೆ ಬಹುಪಾಲು ಡೆಕ್‌ಗಳಲ್ಲಿ ಎರಡನೇ ಪುಟಕ್ಕೇ ಬೇಜಾರಾಗುತ್ತದೆ. ಅಲ್ಲಿ ಮಾರುಕಟ್ಟೆಯ ಗಾತ್ರ ತೋರಿಸಲು ಒಂದು ದೊಡ್ಡ ವೃತ್ತ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಈ ಮಾರುಕಟ್ಟೆ ಇಷ್ಟು ಸಾವಿರ ಕೋಟಿ, ಒಂದು ಪರ್ಸೆಂಟ್ ಸಿಕ್ಕರೂ ಸಾಕು ಎಂಬ ಮಾತು. ಆ ಒಂದು ಪರ್ಸೆಂಟ್ ಯಾವ ಊರಿನವರು? ನಿಮಗೆ ಯಾಕೆ ದುಡ್ಡು ಕೊಡುತ್ತಾರೆ? ಅದು ಎಲ್ಲೂ ಇರುವುದಿಲ್ಲ.

ನೀವು ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದೀರಿ ಅಂದುಕೊಳ್ಳಿ. ದೇಶದ ಅಡಿಕೆ ವಹಿವಾಟಿನ ಲೆಕ್ಕ ಯಾಕೆ ಬೇಕು? ಶಿರಸಿ, ಸಿದ್ದಾಪುರ, ಸಾಗರ ಈ ಮೂರು ತಾಲ್ಲೂಕು ಸಾಕು. ಅಲ್ಲಿ ಎಷ್ಟು ಬೆಳೆಗಾರರಿಗೆ ಸ್ವಂತ ಯಂತ್ರ ಕೊಳ್ಳುವಷ್ಟು ತೋಟ ಇದೆ, ಎಷ್ಟು ಜನ ಬಾಡಿಗೆಗೆ ತರಿಸುತ್ತಾರೆ, ಸುಲಿಯುವ ಕೂಲಿಗೆ ಈಗ ಎಷ್ಟು ಖರ್ಚಾಗುತ್ತಿದೆ, ಇದನ್ನು ಕೇಳಿಕೊಂಡು ಬಂದು ಬರೆಯಿರಿ. ಬೆಳೆಗಾರರ ಸಹಕಾರಿ ಸಂಘವೊಂದು ಕೊಟ್ಟ ಹತ್ತು ಯಂತ್ರಗಳ ಆರ್ಡರ್ ಇದ್ದರೆ ಅದನ್ನು ಮೊದಲ ಪುಟದಲ್ಲೇ ಹಾಕಿ. ಮೂರು ವೃತ್ತಗಳಿಗಿಂತ ಅದಕ್ಕೆ ತೂಕ ಜಾಸ್ತಿ.

ನಮಗೆ ಸ್ಪರ್ಧಿಗಳೇ ಇಲ್ಲ ಎಂದು ಮಾತ್ರ ಬರೆಯಬೇಡಿ. ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಮುಂದೆ ಕೂತು ಸುಲಿಯುವ ಹೆಂಗಸರೇ ನಿಮ್ಮ ಮೊದಲ ಸ್ಪರ್ಧಿಗಳು. ಅವರ ಕೈಯಲ್ಲಿ ಅಡಿಕೆ ಒಡೆಯುವುದು ಎಷ್ಟು, ನಿಮ್ಮ ಯಂತ್ರದಲ್ಲಿ ಎಷ್ಟು? ಹಸಿ ಅಡಿಕೆ ಕೊಯ್ದ ಮೇಲೆ ತಡಮಾಡದೆ ಸುಲಿದು ಬೇಯಿಸಬೇಕು. ರಾತ್ರಿ ಯಂತ್ರ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಬೆಳೆಗಾರ ಕೇಳುವ ಮೊದಲ ಪ್ರಶ್ನೆ ಅದೇ. ಆದರೂ ಸರ್ವೀಸ್ ಬಗ್ಗೆ ಒಂದು ಸಾಲೂ ಇಲ್ಲದ ಡೆಕ್‌ಗಳೇ ಜಾಸ್ತಿ.

ಹಾಗೇ ಒಂದು ಯಂತ್ರದ ಲೆಕ್ಕ ಕೊಡಿ. ಮಾಡಲು 60 ಸಾವಿರ ಬಿದ್ದು 85 ಸಾವಿರಕ್ಕೆ ಮಾರಿದರೆ 25 ಸಾವಿರ ಲಾಭ ಎಂದಲ್ಲ. ಸಾಗಣೆ, ಡೀಲರ್ ಕಮಿಷನ್, ಒಂದು ವರ್ಷದ ಸರ್ವೀಸ್ ಕಳೆದು ಉಳಿಯುವುದೆಷ್ಟು? ಮಾರಾಟವೆಲ್ಲ ಕೊಯ್ಲಿನ ನಾಲ್ಕೈದು ತಿಂಗಳಲ್ಲೇ. ಉಳಿದ ತಿಂಗಳ ಸಂಬಳ ಎಲ್ಲಿಂದ ಬರುತ್ತದೆ ಎಂದು ನೀವೇ ಬರೆದರೆ, ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಮೊದಲು ಗಿರಾಕಿಗಳನ್ನು ಕೇಳಿಕೊಂಡು ಬರುವುದಕ್ಕೆ, ಆನ್‌ಲೈನ್‌ನಲ್ಲಿ ಬಸ್ ಟಿಕೆಟ್ ಮಾರುವ ಬೆಂಗಳೂರಿನ ರೆಡ್‌ಬಸ್ ಒಳ್ಳೆಯ ಉದಾಹರಣೆ. 2005ರ ದೀಪಾವಳಿಗೆ ಊರಿಗೆ ಹೋಗಲು ಅದರ ಸ್ಥಾಪಕರಲ್ಲಿ ಒಬ್ಬರಾದ ಫಣೀಂದ್ರ ಸಾಮಾ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಅಷ್ಟಕ್ಕೇ ಅವರು ಡೆಕ್ ಮಾಡಲು ಕೂರಲಿಲ್ಲ. ಗೆಳೆಯರ ಜೊತೆ ಸೇರಿ ಬಸ್ ಮಾಲೀಕರು, ಟ್ರಾವೆಲ್ ಏಜೆಂಟರು, ಪ್ರಯಾಣಿಕರು ಎಲ್ಲರನ್ನೂ ಮಾತಾಡಿಸಿದರು. 2006ರಲ್ಲಿ ಕಂಪನಿ ಶುರುವಾಯಿತು, 2013ರಲ್ಲಿ ಐಬಿಬೋ ಎಂಬ ಕಂಪನಿ ಅದನ್ನು ಕೊಂಡುಕೊಂಡಿತು. ಅಂಥ ಮಾತುಕತೆಯ ಫಲವೇ ನಿಮ್ಮ ಡೆಕ್‌ನಲ್ಲೂ ಕಾಣಬೇಕು. ಬಣ್ಣ, ಫಾಂಟು, ಟೆಂಪ್ಲೇಟು ಒಂದು ಸಂಜೆಯ ಕೆಲಸ.

ದುಡ್ಡು ಕೇಳುವಾಗ ಸಂಕೋಚ ಬೇಡ, ಸುಮ್ನೆ ಒಂದು ಅಂಕಿ ಹಾಕುವುದೂ ಬೇಡ. ಒಂದು ಕೋಟಿಗೆ 10 ಪರ್ಸೆಂಟ್ ಪಾಲು ಎಂದರೆ, ಆ ದುಡ್ಡೂ ಸೇರಿ ನಿಮ್ಮ ಕಂಪನಿಗೆ ಹತ್ತು ಕೋಟಿ ಬೆಲೆ ಕಟ್ಟಿದ್ದೀರಿ ಎಂದರ್ಥ. ಯಾಕೆ ಅಷ್ಟು ಎಂದು ಖಂಡಿತ ಕೇಳುತ್ತಾರೆ. ಆ ದುಡ್ಡು ಎಷ್ಟು ತಿಂಗಳಿಗೆ ಸಾಕಾಗುತ್ತದೆ, ಅಷ್ಟರೊಳಗೆ ಏನು ಮಾಡಿ ತೋರಿಸುತ್ತೀರಿ ಎಂದೂ ಕೇಳುತ್ತಾರೆ.

ಷೇರು ಯಾರ ಬಳಿ ಎಷ್ಟಿದೆ ಎನ್ನುವುದನ್ನೂ ಮುಚ್ಚಿಡಬೇಡಿ. ಆರು ತಿಂಗಳಿಗೇ ಬಿಟ್ಟುಹೋದ ಗೆಳೆಯನ ಹೆಸರಲ್ಲಿ ಕಾಲು ಭಾಗ ಹಾಗೇ ಉಳಿದಿದ್ದರೆ ಎಷ್ಟೋ ಹೂಡಿಕೆದಾರರು ಅಲ್ಲಿಗೇ ಹಿಂದೆ ಸರಿಯುತ್ತಾರೆ. ಷೇರು ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ಕೈಗೆ ಬರುವಂತೆ, ಮೊದಲ ವರ್ಷ ಮುಗಿಸದವರಿಗೆ ಏನೂ ಸಿಗದಂತೆ ಶುರುವಿನಲ್ಲೇ ಒಪ್ಪಂದ ಮಾಡಿಕೊಳ್ಳಿ. ಗೆಳೆತನ ಚೆನ್ನಾಗಿರುವಾಗಲೇ ಇದನ್ನು ಬರೆದುಕೊಳ್ಳುವುದು ಸುಲಭ ಅಲ್ವಾ?

ಇನ್ನೊಂದು ವಿಷಯ. ಯಂತ್ರದ ಮೊದಲ ಮಾದರಿ ಮಾಡಲೂ ಪಾಲು ಮಾರಿಕೊಳ್ಳಬೇಕಿಲ್ಲ. ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದರೆ 50 ಲಕ್ಷದವರೆಗೆ ಅನುದಾನ ಸಿಗುತ್ತದೆ. ಕೇಂದ್ರ 2021ರಲ್ಲಿ ಶುರು ಮಾಡಿದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಮಾದರಿ ತಯಾರಿಸಿ ಪರೀಕ್ಷಿಸಲು 20 ಲಕ್ಷದವರೆಗೆ ಅನುದಾನ ಇಟ್ಟಿದ್ದರು, ಈಗಲೂ ಅರ್ಜಿ ತೆಗೆದುಕೊಳ್ಳುತ್ತಾರಾ ವಿಚಾರಿಸಿ. ಎರಡೂ ನಿಮ್ಮ ಷೇರು ಕೇಳುವುದಿಲ್ಲ. ಮೊದಲು ಅಲ್ಲಿ ಪ್ರಯತ್ನಿಸಿ, ಯಂತ್ರವನ್ನು ನಾಲ್ಕು ತೋಟದಲ್ಲಿ ಓಡಿಸಿ, ಆಮೇಲೆ ಹೂಡಿಕೆದಾರರ ಬಾಗಿಲಿಗೆ ಹೋಗಿ.

ಡೆಕ್ ತಯಾರಿದ್ದವರು ಇನ್‌ಬಾಕ್ಸ್‌ಗೆ ಕಳಿಸಿ, ಓದಿ ಹೇಳುತ್ತೇನೆ. ಜೊತೆಗೆ ನೀವು ಮಾತಾಡಿಸಿದ ಗಿರಾಕಿಗಳು ಏನಂದರು ಅಂತಲೂ ಒಂದು ಪುಟ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಅವರು ಹೇಳಿದ ಹಾಗೇ.