ಎಲ್ಲಿ ಬೇಕಾದ್ರೂ ಬಿಟ್ಟು ಹೋಗಿ

ಚೀನಾದ ಆ ಫೋಟೋ ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಮತ್ತೆ ಬಂತು. ಅದೇ, ಮೇಲಿಂದ ತೆಗೆದದ್ದು, ಕಣ್ಣು ಹಾಯಿಸಿದಷ್ಟೂ ಹಳದಿ. 'ಚೆಂಡುಹೂವಿನ ತೋಟ ಎಷ್ಟು ಚೆನ್ನಾಗಿದೆ' ಅಂತ ಚಿಕ್ಕಮ್ಮ ಕೈಮುಗಿದರು. ಅದು ಹೂವಲ್ಲ ಚಿಕ್ಕಮ್ಮ, ಬಿಸಾಡಿದ ಬಾಡಿಗೆ ಸೈಕಲ್ಲು ಅಂತ ನಾನು ಹೇಳುವಷ್ಟರಲ್ಲಿ ಭಾವ ಬರೆದಾಗಿತ್ತು: 'ಈ ಸ್ಕೀಮು ಹಾಸನಕ್ಕೂ ಬರಬೇಕು.' ಅಕ್ಕನ ಗಂಡ ಅಲ್ವಾ, ಸುಮ್ನಾದೆ.

ಬರಲಿ ಬಿಡಿ. ಎಂಥ ಚೆಂದದ ಸ್ಕೀಮು! ಸ್ಟ್ಯಾಂಡಿಲ್ಲ, ಅಂಗಡಿಯಿಲ್ಲ, ಕೇಳುವವರಿಲ್ಲ. ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಬೀಗ ಬಿಚ್ಚಿಕೊಳ್ಳುತ್ತೆ, ಕಾಲು ನೋಯುವ ತನಕ ತುಳಿದು, ಸಾಕಾದಾಗ ಎಲ್ಲಿ ಬೇಕಾದ್ರೂ ಬಿಟ್ಟು ಹೋಗಿ. ಈ ಕೊನೆಯ ಮಾತನ್ನು ಜನರಿಗಿಂತ ನಿಷ್ಠೆಯಿಂದ ಪಾಲಿಸಿದವರು ಕಂಪನಿಯವರೇ. ಹಳದಿ ಸೈಕಲ್ಲಿನ ಓಫೋ ಇತ್ತಲ್ಲ, ಇಂಡಿಯಾಕ್ಕೂ ಬಂದು 2018ರಲ್ಲೇ ಗಂಟುಮೂಟೆ ಕಟ್ಟಿತು. ಆ ಡಿಸೆಂಬರಿನಲ್ಲಿ ಅದರ ತವರು ಚೀನಾದಲ್ಲೇ ಒಂದು ಕೋಟಿಗೂ ಜಾಸ್ತಿ ಜನ ನಮ್ಮ ಠೇವಣಿ ವಾಪಸ್ ಕೊಡ್ರಪ್ಪಾ ಅಂತ ಆ್ಯಪಿನೊಳಗೆ ಕ್ಯೂ ನಿಂತಿದ್ದರು. ಹಾಸನಾಂಬೆ ದರ್ಶನದ ಕ್ಯೂ ನೋಡಿದವರಿಗೂ ಇದು ಜಾಸ್ತಿಯೇ. ನಮ್ಮ ಕ್ಯೂನಲ್ಲಿ ಕೊನೆಗೆ ದೇವಿಯಾದರೂ ಸಿಗುತ್ತಾಳೆ.

ಚೊಂಗ್‌ಕಿಂಗ್ ಅನ್ನೋ ಗುಡ್ಡದ ಊರಿನ ವುಕಾಂಗ್ ಕಂಪನಿಯದು ಇನ್ನೂ ಮಜಾ. ಸೈಕಲ್ಲಿಗೆ ಜಿಪಿಎಸ್ ಹಾಕಿಸೋದನ್ನೇ ಬಿಟ್ಟಿದ್ದರು. 2017ರ ಜೂನಲ್ಲಿ ಬಾಗಿಲು ಮುಚ್ಚುವಾಗ ನೂರಕ್ಕೆ 90 ಸೈಕಲ್ ನಾಪತ್ತೆ. ವುಕಾಂಗ್ ಅಂದರೆ ಅವರ ಕಥೆಗಳ ಕೋತಿರಾಜ. ಹೆಸರಿಗೆ ತಕ್ಕ ಹಾಗೆ ಹಾರಿಹೋಯಿತು.

ಜಿಪಿಎಸ್ ಅಂದಾಗ ನೆನಪಾಯಿತು. ನಾನು ಹುಡುಗನಾಗಿದ್ದಾಗ ಸಾಲಗಾಮೆ ರಸ್ತೆಯಲ್ಲಿ ಒಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಗಂಟೆಗೆ 50 ಪೈಸೆ. 'ಯಾರ ಮಗನೋ ನೀನು?' ಅನ್ನೋದೇ ಠೇವಣಿ. ಎಣ್ಣೆ ಕೈ ಮೆತ್ತಿದ ನೋಟ್‌ಬುಕ್ಕಲ್ಲಿ ಸೈಕಲ್ ನಂಬರು, ಹೊರಟ ಟೈಮು. ಹತ್ತು ನಿಮಿಷ ಲೇಟಾದರೆ ಅರ್ಧ ಗಂಟೆ ಜಗಳ. ಎನ್.ಆರ್. ಸರ್ಕಲ್ಲಲ್ಲಿ ಗೆಳೆಯನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡರೆ, ನಾನು ಮನೆ ಸೇರುವ ಮೊದಲೇ ಅಪ್ಪನಿಗೆ ಸುದ್ದಿ: 'ನಿಮ್ಮ ಹುಡುಗ ಡಬಲ್ಸ್ ಹೊಡೀತಿದ್ದ ಸ್ವಾಮಿ.' ಉಪಗ್ರಹಗಳನ್ನು ಕೂತಲ್ಲಿಂದಲೇ ನಡೆಸುವ ಇಸ್ರೋ ಕೇಂದ್ರವೂ ಅದೇ ರಸ್ತೆಯಲ್ಲಿದೆ. ಅವರ ಬಗ್ಗೆ ಗೌರವ ಇದೆ, ಆದರೂ ಆ ಅಂಗಡಿಯವನ ಮುಂದೆ ಅವರು ಎರಡನೇ ನಂಬರೇ.

ಹೋದ ವರ್ಷ ಬೆಂಗಳೂರಲ್ಲಿ ಆಸೆಗೆ ಬಿದ್ದು ನಾನೂ ಒಂದು ಆ್ಯಪ್ ಹಾಕಿಕೊಂಡೆ. ಮ್ಯಾಪಲ್ಲಿ ಸೈಕಲ್ ನೂರು ಹೆಜ್ಜೆ ದೂರ. ಹೋಗಿ ನೋಡಿದರೆ ಫುಟ್‌ಪಾತ್ ಮೇಲೆ, ಟ್ರಾನ್ಸ್‌ಫಾರ್ಮರ್ ಪಕ್ಕ. ಹ್ಯಾಂಡಲ್ಲಿಗೆ ಸೇವಂತಿಗೆ ಮಾರು ನೇತಾಡುತ್ತಿದೆ, ಸೀಟಿನ ಮೇಲೆ ಒದ್ದೆ ಗೋಣಿಚೀಲ, ಬುಟ್ಟಿಯಲ್ಲಿ ಬಾಳೆನಾರು, ಚಿಲ್ಲರೆ ಡಬ್ಬಿ. ಮೊಬೈಲ್ ಹಿಡಿದೆ. ಹತ್ತು ರೂಪಾಯಿ ಕಟ್ ಆಯಿತು, ಬೀಗ ಅಲ್ಲಾಡಲಿಲ್ಲ. 'ಅದು ಬರಾಕಿಲ್ಲ ಅಣ್ಣ, ಸತ್ತು ಆರು ತಿಂಗಳಾಯ್ತು' ಅಂದಳು ಹೂವಿನಾಕೆ. 'ಎಲ್ಲರೂ ಹಿಂಗೇ ಮೊಬೈಲ್ ತೋರಿಸಿ ಹೋಗ್ತಾರೆ. ಎರಡು ಮೊಳ ಕೊಡ್ಲಾ?'

ತಗೊಂಡೆ. ಆ ಸೈಕಲ್ಲಿಂದ ಹೊಟ್ಟೆ ಹೊರೆದುಕೊಂಡವಳು ಅವಳೊಬ್ಬಳೇ ಇರಬೇಕು.

ಇಷ್ಟರ ತನಕ ನಗಬಹುದು. ನಮ್ಮ ಸರ್ಕಾರಿ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳಿಗೆ 2006-07ರಿಂದ ಸೈಕಲ್ ಕೊಡುತ್ತಿದ್ದರು, ಕೋವಿಡ್ ಬಂದಾಗ ನಿಂತಿತು. ಆಲೂರು ಕಡೆ ಹೋದಾಗ ನೋಡುತ್ತೇನೆ, ಹೆಣ್ಣುಮಕ್ಕಳು ಬ್ಯಾಗು ಹೊತ್ತು ಮಳೆಯಲ್ಲಿ ರಸ್ತೆ ಬದಿ ನಡೆಯುತ್ತಿರುತ್ತಾರೆ. ಯಾರದೋ ದುಡ್ಡಿನ ಜೂಜಿಗೆ ಆ ಚೀನಾದಲ್ಲಿ ಲಕ್ಷಗಟ್ಟಲೆ ಸೈಕಲ್ ಮಾಡಿಸಿ ತುಕ್ಕು ಹಿಡಿಸಿದರು. ಬೈಯೋಕೂ ಬೇಜಾರು.

ನಿನ್ನೆ ಬಿ.ಎಂ. ರಸ್ತೆಯಲ್ಲಿ ಭಾವ ಸಿಕ್ಕಿದರು. ಕಾರಿನ ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ ಎಳನೀರು ಕುಡಿಯುತ್ತಿದ್ದರು. 'ಆ ಸೈಕಲ್ ವಿಷಯ ಯೋಚನೆ ಮಾಡಿದೆ ಕಣಯ್ಯ' ಅಂದರು, 'ಬಂದರೂ ನಿಲ್ಲಿಸೋಕೆ ಜಾಗ ಎಲ್ಲಿದೆ ನಮ್ಮೂರಲ್ಲಿ?'