ಆನೆ ಎಣಿಸಲು ಹೋದ ತಾತ

ಹಾಸನಕ್ಕೆ ಯಾರೇ ನೆಂಟರು ಬರಲಿ, ಹಳೇಬೀಡು ತೋರಿಸುವ ಕೆಲಸ ನನ್ನದೇ. 30 ಕಿಲೋಮೀಟರ್ ಚಿಲ್ಲರೆ ದಾರಿ, ಅಷ್ಟೇ. ಹೊಯ್ಸಳೇಶ್ವರ ಗುಡಿಯ ಕೆಲಸ ಶುರುವಾಗಿದ್ದು 1121ರಲ್ಲಿ, ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದ್ದು 2023ರಲ್ಲಿ. ಗೋಡೆಯ ಕೆಳಸಾಲಲ್ಲಿ ಆನೆ, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ. ಎಲ್ಲಾ ಬಾಯಿಪಾಠ.

ಮೊನ್ನೆ ಐದು ವರ್ಷದ ಮೊಮ್ಮಗಳ ಮುಂದೆ ಇದೇ ಕ್ಯಾಸೆಟ್ ಹಾಕಿದೆ. ಸಿಂಹದವರೆಗೂ ಬರಲಿಲ್ಲ, ಅವಳು ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ತಾತ, ಈ ಆನೆಗೆ ಸಿಟ್ಟು ಬಂದಿದೆ. ಪಕ್ಕದ್ದಕ್ಕೆ ಹಸಿವು."

ಮಂಡಿ ನೋವು. ಆದರೂ ಕೂತೆ. ಕೂತರೆ ತಾನೇ ಕಾಣುವುದು! ಒಂದರ ಸೊಂಡಿಲು ಇದ್ದ ಹಾಗೆ ಇನ್ನೊಂದರದ್ದು ಇಲ್ಲ. ಹೆಜ್ಜೆಯೂ ಬೇರೆ. ನಲವತ್ತು ವರ್ಷದಿಂದ ಈ ಗುಡಿ ಸುತ್ತಿದ್ದೇನೆ, ಆನೆ ಸಾಲು ಅಂತ ಬೆರಳು ತೋರಿಸಿ ಮುಂದೆ ಹೋಗಿದ್ದೇನೆ. ಒಂದು ಆನೆಯನ್ನೂ ಸರಿಯಾಗಿ ನೋಡಿರಲಿಲ್ಲ.

ಆಮೇಲೆ ಆಟ ಶುರು. ಅವಳು ಹೇಳಿದ ಆನೆಯನ್ನು ನಾನು ಹುಡುಕಬೇಕು. ನಿಯಮ ಎಲ್ಲಾ ಅವಳದ್ದೇ, ನಾನು ಗೆಲ್ಲುವ ಹಾಗಾದರೆ ನಿಯಮ ಬದಲು. "ಕಣ್ಣಲ್ಲೇ ಎಣಿಸಬೇಕು, ಮುಟ್ಟಬಾರದು" ಅನ್ನುವುದೊಂದೇ ನನ್ನದು. ಬಿಸಿಲೇರಿ ಕಲ್ಲು ಕಾದ ಮೇಲೆ ಬರಿಗಾಲಲ್ಲಿ ಇಬ್ಬರೂ ಕುಣಿದಿದ್ದು ಬೇರೆ.

ಮೊಮ್ಮಕ್ಕಳಿಗೆ ಸಂಸ್ಕೃತಿ ಕಲಿಸಿ ಅಂತ ನಮ್ಮ ನಿವೃತ್ತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಉಪದೇಶ ಬರುತ್ತದೆ. ನನ್ನ ಕೇಳಿದರೆ, ಸ್ವಲ್ಪ ದಿನ ಸುಮ್ನೆ ಇರೋಣ. ನಾವು ಮಾತಾಡಿದ್ದು ಜಾಸ್ತಿಯೇ ಆಯ್ತು, ಅಲ್ವಾ?

ಒಂದು ವಿಷಯ ಮಾತ್ರ ಚುಚ್ಚುತ್ತದೆ. ಇವಳ ಅಪ್ಪನನ್ನೂ ಇದೇ ವಯಸ್ಸಿನಲ್ಲಿ ಇಲ್ಲಿಗೆ ಕರೆತಂದಿದ್ದೆ. ಅವನೂ ಹೀಗೇ ಎಲ್ಲೋ ಒಂದು ಕಡೆ ಕೂತಿದ್ದ. ಬಸ್ ತಪ್ಪುತ್ತೆ ಏಳೋ ಅಂತ ರಟ್ಟೆ ಹಿಡಿದು ಎಳೆದಿದ್ದೆ. ಅವನು ಏನು ನೋಡುತ್ತಿದ್ದ ಅಂತ ಕೇಳಲೇ ಇಲ್ಲ. ಮೊನ್ನೆ ರಾತ್ರಿ ಫೋನಿನಲ್ಲಿ ಕೇಳಿದೆ. ನಕ್ಕುಬಿಟ್ಟ, ನೆನಪಿಲ್ಲವಂತೆ.

ಎಣಿಕೆ 93ಕ್ಕೆ ನಿಂತಿದೆ. ಇವಳಿಗೆ ಬಾಯಾರಿತು, ಎಳನೀರಿಗೆ ಹೊರಟೆವು. ಗುಡಿಯ ಒಂದು ಮೂಲೆಯೂ ಮುಗಿದಿರಲಿಲ್ಲ. ದಸರಾ ರಜೆಗೆ ಬಂದಾಗ ಮುಂದುವರಿಸಬೇಕಂತೆ. ಯಾವ ಆನೆಗೆ ನಿಲ್ಲಿಸಿದ್ದೆವು ಅನ್ನುವುದು ನನಗೆ ಆಗಲೇ ಮರೆತಿದೆ. ಅವಳಿಗೆ ಗೊತ್ತಂತೆ. ಹಸಿವಿನ ಆನೆಯಿಂದ ಆಚೆಗೆ, ಬಾಲ ಚಿಕ್ಕದಿರುವುದು.